ಚಪಾತಿ ಹಿಟ್ಟಿಗೆ ಬೆರೆಸಿದ ಜೋಳ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ಶುಗರ್, ಬಿಪಿ ಕ್ಲಿನಿಕ್ಕಿನ ಸ್ಟಾಫ್ ನರ್ಸ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ದಿನಾ ಬೀದರಿನಿಂದ ಬಸ್ಸಿನಲ್ಲಿ ಹೋಗಿಬರುವುದು. ಡಾಕ್ಟರು ಮಾತ್ರೆ ಬರೆದ ಮೇಲೆ ರೋಗಿಗೆ ಏನು ಉಣ್ಣಬೇಕು, ಏನು ಬಿಡಬೇಕು ಎಂದು ಹೇಳುವ ಕೆಲಸ ನನ್ನದು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಪಥ್ಯ ತಪ್ಪಿದವರಿಗೆ ಮುಖ ಮೂತಿ ನೋಡದೆ ಬೈಯುತ್ತಿದ್ದೆ.

ಒಂದು ಸೋಮವಾರ ಕಮಳಾಬಾಯಿ ಎಂಬ ಹೆಂಗಸು ಗಂಡನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ಗಂಡ ಮಾರುತಿರಾವ್, ಭಾಲ್ಕಿ–ಔರಾದ ಬಸ್ಸಿನ ಕಂಡಕ್ಟರ್, ಮೂಲತಃ ಇದೇ ತಾಲ್ಲೂಕಿನ ಮೆಹಕರದವರು. ವಯಸ್ಸು ನಲವತ್ತೆಂಟು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಏಳರ ಒಳಗೆ ಇರಬೇಕಾದದ್ದು ಹತ್ತೂವರೆ ಬಂದಿತ್ತು. ಸೂಜಿಯಿಂದ ಪಾದ ಮುಟ್ಟಿದೆ, ಅವರಿಗೆ ಗೊತ್ತೇ ಆಗಲಿಲ್ಲ. ನರ ಸತ್ತ ಕಾಲಿಗೆ ಗಾಯವಾದರೂ ನೋವು ತಿಳಿಯದು. ದಿನವಿಡೀ ನಿಂತು ದುಡಿಯುವ ಕಂಡಕ್ಟರಿಗೆ ಕಾಲು ಹೋದರೆ ಇನ್ನೇನು ಉಳಿಯಿತು? ಎಷ್ಟು ಉಣ್ಣುತ್ತೀರಿ, ಯಾವಾಗ ಉಣ್ಣುತ್ತೀರಿ ಎಂದು ಕೇಳಿದೆ.

"ಮುಂಜಾನಿ ಪೂರಿ, ಡಬ್ಬಿಗಿ ಚಪಾತಿ, ಸಂಜಿಗಿ ಬಿಳಿ ಅನ್ನ. ಜ್ವಾಳದ ರೊಟ್ಟಿ ಅಂದ್ರ ಮಾರಿ ತಿರುವತಾರ್ರಿ ಸಿಸ್ಟರ್. ಮದಿವ್ಯಾಗಿ ಇಪ್ಪತ್ತು ವರ್ಷ ಆಯ್ತು, ನಮ್ಮ ಮನ್ಯಾಗ ಒಂದ್ ದಿನ ರೊಟ್ಟಿ ಬಡದಿಲ್ಲ" ಎಂದಳು ಕಮಳಾಬಾಯಿ.

ನನಗೆ ನಗು ಬಂತು. ನಮ್ಮೂರು ಮನ್ನಳ್ಳಿಯ ಮನೆಯಲ್ಲಿ ರೊಟ್ಟಿಯಿಲ್ಲದ ಊಟ ಊಟವೇ ಅಲ್ಲ. "ಏನ್ರಿ, ಬೀದರ ಜಿಲ್ಲೇದಾಗ ಹುಟ್ಟಿ ರೊಟ್ಟಿ ಒಲ್ಲೆ ಅಂತೀರಿ? ನಿಮ್ಮ ಅವ್ವ ಉಣಿಸಿದ್ದೇ ಉಣ್ರಿ, ಶುಗರ್ ತಾನೇ ಇಳೀತದ" ಎಂದೆ. ಮಾರುತಿರಾವ್ ನನ್ನ ಮುಖವನ್ನೊಮ್ಮೆ ನೋಡಿ, ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಹೋದರು. ಸೊಕ್ಕಿನ ಮನುಷ್ಯ ಅಂದುಕೊಂಡೆ.

ಹದಿನೈದು ದಿನ ಬಿಟ್ಟು ಕಮಳಾಬಾಯಿ ಒಬ್ಬಳೇ ಬಂದು ಕಣ್ಣೀರು ಹಾಕಿದಳು. ಆಗ ನಾನೊಂದು ಉಪಾಯ ಹೇಳಿಕೊಟ್ಟೆ. ಗೋಧಿ ಹಿಟ್ಟಿಗೆ ಒಂದು ಹಿಡಿ ಜೋಳದ ಹಿಟ್ಟು ಬೆರೆಸು, ವಾರಕ್ಕೊಂದು ಹಿಡಿ ಏರಿಸುತ್ತಾ ಹೋಗು, ಬಾಯಿ ಮಾತ್ರ ಬಿಡಬೇಡ. ಹಟ ಮಾಡುವ ಮಕ್ಕಳಿಗೆ ಹೇಳುವ ಉಪಾಯ ಅದು. ದೊಡ್ಡವರಿಗೂ ನಡೆಯುತ್ತದೆ ಎಂಬ ಭಂಡ ಧೈರ್ಯ ನನಗೆ.

ಮೊದಲ ವಾರ ದಾಟಿತು. ಎರಡನೆಯ ವಾರ, ರಜೆಯ ದಿನ ಮನೆಯಲ್ಲಿ ಉಣ್ಣಲು ಕೂತಾಗ ಒಂದೇ ತುತ್ತಿಗೆ ಅವರಿಗೆ ಗೊತ್ತಾಗಿಬಿಟ್ಟಿತು. ಬೈಯಲಿಲ್ಲ, ತಾಟು ಎತ್ತಿ ಒಗೆಯಲೂ ಇಲ್ಲ. ತಾಟಿನಲ್ಲೇ ಕೈ ತೊಳೆದು ಎದ್ದರು. ಮರುದಿನದಿಂದ ಡಬ್ಬಿ ಒಯ್ಯುವುದು ಬಂದ್. ಮನೆಯಲ್ಲಿ ಬರೀ ಚಹಾ. ಎರಡು ಹೊತ್ತೂ ಔರಾದದ ಹೋಟೆಲಿನಲ್ಲಿ ಪೂರಿ ಭಾಜಿ. ಕಮಳಾಬಾಯಿ ಫೋನಿನಲ್ಲಿ ಅತ್ತಾಗ ನಾನು, "ಎಷ್ಟ್ ದಿನ ಸಿಟ್ಟು ಮಾಡ್ತಾರ, ಹಸಿವಾದ್ರ ತಾನೇ ಬರ್ತಾರ ಬಿಡು" ಅಂದೆ. ಈಗಲೂ ಆ ಮಾತು ನೆನಪಾದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಎರಡು ತಿಂಗಳು ಕಳೆಯಿತು. ಹೊಸ ಬೂಟು ಕಚ್ಚಿ ಬಲಗಾಲಿಗೆ ಗಾಯವಾಗಿತ್ತು. ಅವರಿಗೆ ತಿಳಿಯಲಿಲ್ಲ. ಹೆಂಡತಿಯ ಮೂಗಿಗೆ ವಾಸನೆ ಬಡಿಯುವಷ್ಟರಲ್ಲಿ ಎರಡು ಬೆರಳು ಕಪ್ಪಾಗಿದ್ದವು. ಬೀದರಿನ ಆಸ್ಪತ್ರೆಯಲ್ಲಿ ಎರಡನ್ನೂ ತೆಗೆದರು.

ನೋಡಲು ಹೋದೆ. ಕಮಳಾಬಾಯಿ ಔಷಧಿ ತರಲು ಹೊರಗೆ ಹೋಗಿದ್ದಳು. ತಪ್ಪಾಯಿತು ಎಂದು ನಾನು ಬಾಯಿ ತೆರೆಯುವ ಮೊದಲೇ ಮಾರುತಿರಾವ್ ಮಾತಾಡಿದರು.

"ಸಿಸ್ಟರ್, ಅವ್ವ ಉಣಿಸಿದ್ದು ಉಣ್ಣು ಅಂದ್ರಿ. ನಮ್ಮವ್ವ ಸಂಜಿ ಆತಂದ್ರ ಊರಾಗ ಮನಿಮನಿ ಬಾಗಿಲಿಗಿ ನಿಂತು ರೊಟ್ಟಿ ನೀಡ್ರಿ ತಾಯಿ ಅಂತಿದ್ಳು. ದೂರಿಂದ ಸೆರಗಿನ್ಯಾಗ ಒಗೀತಿದ್ರು, ಕೈ ತಾಕಬಾರದಂತ. ಹತ್ತ್ ಮನಿ ತಂಗಳ ರೊಟ್ಟಿ ಉಂಡು ಸಾಲಿಗಿ ಹೋಗೀನಿ. ನೌಕರಿ ಹತ್ತಿದ ದಿನ ಅವ್ವಗ ಮಾತು ಕೊಟ್ಟೀನ್ರಿ, ನಮ್ಮ ಮನ್ಯಾಗ ಇನ್ನ ಜ್ವಾಳ ಬರಂಗಿಲ್ಲಂತ."

"ಕಮಳಾಗ ಯಾಕ ಹೇಳಿಲ್ರಿ?"

"ಆಕಿ ಬೀದರದಾಗ ಬೆಳದಾಕಿ, ಆಕಿ ಅಪ್ಪಗ ನೌಕರಿ ಇತ್ತು. ನಮ್ಮವ್ವ ಬೇಡ್ತಿದ್ಳು ಅಂತ ಹ್ಯಾಂಗ ಹೇಳ್ಲಿ? ನೀವು ಎಷ್ಟು ಉಂತೀರಿ, ಯಾವಾಗ ಉಂತೀರಿ ಅಂತ ಕೇಳಿದ್ರಿ. ಯಾಕ ಉಣ್ಣಲ್ಲ ಅಂತ ಕೇಳ್ಲಿಲ್ಲ."

ಕೇಳಿದ್ದರೆ ಜೋಳದ ಸುದ್ದಿಯೇ ಬೇಕಿರಲಿಲ್ಲ. ಗೋಧಿ ನುಚ್ಚು, ಹೆಸರುಕಾಳು, ಸೊಪ್ಪು ಎಂದು ಹತ್ತು ದಾರಿಗಳಿದ್ದವು. ಅವನ್ನೆಲ್ಲ ಆ ಮಂಚದ ಪಕ್ಕ ಕೂತು ಹೇಳಿದೆ. ಅವರು ತಲೆಯಾಡಿಸಿದರು. ಮನೆಗೆ ಹೋಗಿ ಹೆಂಡತಿಗೂ ಎಲ್ಲ ಹೇಳಿದರಂತೆ. ಈಗ ನುಚ್ಚು ಉಣ್ಣುತ್ತಾರೆ, ಸಕ್ಕರೆಯೂ ಇಳಿದಿದೆ. ಕುಂಟುವ ಕಾಲಿನಿಂದಾಗಿ ಬಸ್ಸಿನ ಡ್ಯೂಟಿ ತಪ್ಪಿ, ಡಿಪೋದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ.

ನಿವೃತ್ತಿಯ ದಿನ ಕಮಳಾಬಾಯಿ ಹಾರ ತಂದಿದ್ದಳು. ಇನ್ನಾದರೂ ನೆಮ್ಮದಿಯೇ ಎಂದು ಕೇಳಿದೆ.

"ಉಂತಾರ್ರಿ ಸಿಸ್ಟರ್. ಆದ್ರ ತಾಟು ಇಟ್ಟ ಕೂಡ್ಲೆ ಮೊದಲ ಮೂಸಿ ನೋಡ್ತಾರ, ಮತ್ತ ಜ್ವಾಳ ಬೆರಸೀನೇನೋ ಅಂತ. ನಾ ಗ್ವಾಡಿ ಕಡಿ ಮಾರಿ ಮಾಡಿ ನಿಂದರ್ತೇನಿ."

ಮೂವತ್ತು ವರ್ಷದ ನೌಕರಿ ಕಲಿಸಿದ ಪಾಠ ಇಷ್ಟೇ: ಯಾರ ತಾಟಿಗೂ ಅವರಿಗೆ ತಿಳಿಯದಂತೆ ಏನನ್ನೂ ಹಾಕಬಾರದು, ಒಳ್ಳೆಯದನ್ನು ಸಹ. ಅವತ್ತು ಕಮಳಾಬಾಯಿಯ ಕೈ ಹಿಡಿದುಕೊಂಡು, ಆ ತಪ್ಪು ನಿನ್ನದಲ್ಲ, ನನ್ನದು ಎಂದೆ.