ಗುಡ್ಡದ ಏರಿನಲ್ಲಿ ಜಾರಿದ ಕ್ಲಚ್

ಯಲ್ಲಮ್ಮನ ಗುಡ್ಡದ ಏರಿನ ನಡುವೆ ಎಂಜಿನ್ ಒಮ್ಮೆಲೇ ಕೂಗಿಕೊಂಡಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ನಾನು ಎಕ್ಸಲರೇಟರ್ ಇನ್ನಷ್ಟು ಒತ್ತಿದೆ. ಸದ್ದು ಏರಿತು, ವೇಗ ಇಳಿಯಿತು, ಏನೋ ಸುಟ್ಟ ವಾಸನೆ ಬಂತು. ಮರುಕ್ಷಣವೇ ಕಾರು ಹಿಂದಕ್ಕೆ ಉರುಳತೊಡಗಿತು. ಹಿಂದೆ ಬರುತ್ತಿದ್ದ ಬಸ್ಸಿನ ಹಾರ್ನ್ ಕಿವಿಗೆ ಬಡಿದಾಗ ಕಾಲಿನದು, ಕೈಯದು ಎರಡೂ ಬ್ರೇಕು ಹಾಕಿ ಹೇಗೋ ನಿಲ್ಲಿಸಿದೆ. ಬಸ್ಸು ಪಕ್ಕಕ್ಕೆ ಸರಿದು ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು.

ಅದು ಅಪ್ಪನ ಕಾರು. ಅಪ್ಪ ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರು. ದುಂಡು ಮೂತಿಯ, ಎಮ್ಮೆಯಷ್ಟು ಭಾರದ ಆ ವಿಲಾಯತಿ ಗಾಡಿಯನ್ನು ತಮ್ಮ ಮದುವೆಗೂ ಮೊದಲು ಯಾರಿಂದಲೋ ಕೊಂಡಿದ್ದರು. ಅವರು ಹೋದ ಮೇಲೆ ಅಣ್ಣ ಬೇಡವೆಂದ, ನಾನು ಇಟ್ಟುಕೊಂಡೆ. ನಮ್ಮೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ರಜೆಯ ದಿನ ಅದನ್ನು ಹೊರಗೆ ತೆಗೆಯುವುದೇ ಒಂದು ಹಬ್ಬ. ಅವತ್ತು ಅವ್ವನಿಗೆ ದೇವಿಯ ದರ್ಶನ ಮಾಡಿಸೋಣವೆಂದು ಮುರಗೋಡದ ಮೇಲೆ ಸವದತ್ತಿಗೆ ಬಂದು ಗುಡ್ಡ ಹತ್ತಿದ್ದೆ.

ಗಾಲಿಗೆ ಕಲ್ಲು ಕೊಟ್ಟು ಬಂದು, "ಪೆಟ್ರೋಲಿನಾಗ ಕಸ ಬಂದಿರಬೇಕ ಬೇ," ಎಂದೆ.

"ಪೆಟ್ರೋಲ್ ಅಲ್ಲ," ಎಂದಳು ಅವ್ವ. "ಕಸ ಬಂದಿದ್ದರ ಎಂಜಿನ್ನಿಗೆ ಉಸಿರು ಕಟ್ಟತಿತ್ತು. ಇದು ಒದರಾಕ ಹತ್ತಿತ್ತು. ಕ್ಲಚ್ ಜಾರಾಕತ್ತೈತಿ."

ನಾನು ಹಿಂದೆ ತಿರುಗಿ ಅವಳ ಮುಖ ನೋಡಿದೆ. ಸೆರಗು ತಲೆಯ ಮೇಲೆ ಸರಿಯಾಗಿಯೇ ಇತ್ತು.

"ಮುಂದ ಸಪಾಟ ಜಾಗಾ ಐತಿ, ಸಾವಕಾಶ ಅಲ್ಲಿಗೆ ಒಯ್ಯಿ. ಹ್ಯಾಂಡ್ ಬ್ರೇಕ್ ಜಗ್ಗು. ಟಾಪ್ ಗೇರ್ ಹಾಕಿ ಕ್ಲಚ್ ಬಿಡು. ಎಂಜಿನ್ ಬಂದ್ ಬಿದ್ದರ ಕ್ಲಚ್ ಚಲೋ ಐತಿ. ಬೀಳಲಿಲ್ಲ ಅಂದ್ರ ಹೋಗೇತಿ."

ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಅಲ್ಲಿಗೆ ಒಯ್ದೆ. ಅವಳು ಹೇಳಿದಂತೆಯೇ ಮಾಡಿದೆ. ಬ್ರೇಕ್ ಹಿಡಿದಿತ್ತು, ಗೇರ್ ಬಿದ್ದಿತ್ತು, ನನ್ನ ಕಾಲು ಪೆಡಲಿನಿಂದ ಪೂರ್ತಿ ಮೇಲೆ ಬಂದಿತ್ತು. ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು.

"ಹೌದಿಲ್ಲೋ? ಇಳಿ, ಪೆಡಲ್ ನೋಡೂಣು," ಎನ್ನುತ್ತ ಅವ್ವ ಕೆಳಗಿಳಿದಳು. ಮೊಣಕಾಲು ನೋವಿನವಳು ಸೀರೆಯ ನೆರಿಗೆ ಎತ್ತಿ ಡ್ರೈವರ್ ಸೀಟಿನಲ್ಲಿ ಕುಳಿತಳು. ಅವಳ ಎಡಗಾಲು ನೋಡದೆಯೇ ಹೋಗಿ ಪೆಡಲಿನ ಮೇಲೆ ನಿಂತಿತು. ಬಲಗಾಲು ಬ್ರೇಕಿನ ಮೇಲೆ. ಆ ಕಾಲುಗಳು ಅಲ್ಲಿ ಹೊಸದಾಗಿ ಬಂದವಲ್ಲ.

"ಪ್ಲೇ ಐತಿ. ಮೊದಲ ಒಂದೀಟು ಸಡಿಲ ಇರಬೇಕು, ಅದು ಸರಿ ಐತಿ. ಹಂಗಾರ ಕ್ಲಚ್ ಪ್ಲೇಟ್ ಸವದೈತಿ, ಇಲ್ಲಾ ಎಣ್ಣಿ ಕುಡದೈತಿ."

"ಇದೆಲ್ಲಾ ನಿನಗ ಯಾರ ಹೇಳ್ಯಾರ ಬೇ?"

"ಹೇಳೂದೇನ? ಹೊಡದ ಗೊತ್ತೈತಿ."

ಅವ್ವ ಕಾರು ಹೊಡೆದದ್ದನ್ನು ನನ್ನ ಜನ್ಮದಲ್ಲಿ ನಾನು ಕಂಡಿರಲಿಲ್ಲ. ಅವಳು ಯಾವಾಗಲೂ ಹಿಂದೆ ಕೂತವಳು. ಅಪ್ಪ ಊರೊಳಗೆ ತಾವೇ ಹೊಡೆಯುತ್ತಿದ್ದರು. ದೂರ ಹೋಗುವಾಗ ಒಬ್ಬ ಡ್ರೈವರ್ ಇರುತ್ತಿದ್ದ. ಅದನ್ನು ನಾವು ಮಕ್ಕಳು ದೊಡ್ಡಸ್ತಿಕೆಯೆಂದು ತಿಳಿದಿದ್ದೆವು.

ಅವ್ವ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. ಮದುವೆಯಾದ ಹೊಸದರಲ್ಲಿ, ಮನೋಳಿಯ ದಾರಿಯಲ್ಲಿ ಅಪ್ಪನ ಕಾರು ಒಂದು ಚಕ್ಕಡಿಗೆ ಬಡಿದಿತ್ತು. ಎತ್ತು ಅವರ ಕಣ್ಣೆದುರೇ ಒದ್ದಾಡಿ ಸತ್ತಿತ್ತು.

"ಅವತ್ತಿನಿಂದ ದೊಡ್ಡ ರೋಡ್ ಕಂಡರ ಸಾಕು, ಅವರ ಕೈ ನಡಗತಿದ್ದವು. ವ್ಯಾಪಾರಕ್ಕ ಹಳ್ಳಿ ಹಳ್ಳಿ ತಿರಗಬೇಕು, ಬಿಡಾಕ ಆಗಂಗಿಲ್ಲ. ಹೊಳಿ ದಂಡಿ ಹೊಲದಾಗ ನನಗ ಅವರ ಕಲಿಸಿದ್ರು. ಊರ ದಾಟೂತನಾ ಅವರು. ದಾಟಿದ ಮ್ಯಾಲೆ ಜಾಗಾ ಬದಲಿ. ಮುಂದಿನ ಊರ ಬರೂದರಾಗ ನಾ ಮತ್ತ ಹಿಂದ. ನಿಮಗ ಬುದ್ಧಿ ಬರೂ ಹೊತ್ತಿಗೆ ಡ್ರೈವರನ್ನ ಇಟ್ವಿ."

"ಯಾಕ ಮುಚ್ಚಿಟ್ರಿ?"

"ಗಂಡಸು ಅಂಜತಾನ ಅಂದ್ರ ಮಂದಿ ನಗತಾರ. ಹೆಂಗಸು ಗಾಡಿ ಹೊಡಿತಾಳ ಅಂದ್ರೂ ನಗತಾರ. ಎರಡೂ ಮುಚ್ಚಿಟ್ವಿ."

ಆಗ ನನಗೆ ನಮ್ಮ ಮನೆಯಲ್ಲಿ ನೂರಾರು ಸಲ ಹೇಳಿದ ಕಥೆ ನೆನಪಾಯಿತು. ನಾನು ಹುಟ್ಟುವ ದಿನ ಅವ್ವನಿಗೆ ಬೇನೆ ಕಷ್ಟವಾಗಿ, ಅಪ್ಪ ಸುರಿವ ಮಳೆಯಲ್ಲಿ ಧಾರವಾಡದ ದವಾಖಾನೆಗೆ ಕಾರು ಹಾರಿಸಿಕೊಂಡು ಹೋಗಿ ಇಬ್ಬರ ಜೀವ ಉಳಿಸಿದ ಕಥೆ. ಅದನ್ನು ನಾನು ಕ್ಲಾಸಿನಲ್ಲಿ ಹುಡುಗಿಯರಿಗೂ ಹೇಳಿದ್ದೇನೆ.

"ಅವತ್ತು?" ಎಂದೆ.

ಅವ್ವ ಕಣಿವೆಯತ್ತ ನೋಡಿದಳು. "ಅವತ್ತೂ ನಾನ. ಬ್ಯಾನಿ ಬಂದಾಗ ನಿಲ್ಲಸ್ತಿದ್ದೆ, ಹ್ವಾದ ಮ್ಯಾಲೆ ಹೊಡಿತಿದ್ದೆ. ಅವರು ಬಾಜೂಕ ಕುಂತು ಅಳತಿದ್ರು."

ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ಅಪ್ಪನ ಮೇಲೆ ಸಿಟ್ಟು ಬಂತು, ಆಮೇಲೆ ಅವ್ವನ ಮೇಲೂ ಬಂತು. ಅಳುತ್ತ ಕೂತ ಅಪ್ಪನನ್ನು ನೆನೆದಾಗ ಸಿಟ್ಟು ಹೋಯಿತು. ಅವ್ವನೇ ಎಬ್ಬಿಸಬೇಕಾಯಿತು. ದರ್ಶನ ಬಿಟ್ಟು, ಇಳಿಜಾರಿನಲ್ಲಿ ಬ್ರೇಕಿನ ಮೇಲೆಯೇ ಮೆಲ್ಲಗೆ ಸವದತ್ತಿಗೆ ಇಳಿದೆವು.

ಗ್ಯಾರೇಜಿನ ಮಿಸ್ತ್ರಿ ಗೇರ್ ಬಾಕ್ಸ್ ಇಳಿಸಿ ಪ್ಲೇಟ್ ಹೊರಗೆ ತೆಗೆದ. ಎಂಜಿನ್ನಿನ ಹಿಂದಿನ ಸೀಲ್ ಸೋರಿ, ಪ್ಲೇಟಿನ ತುಂಬ ಎಣ್ಣೆ ಮೆತ್ತಿ ಕರ್ರಗಾಗಿತ್ತು. ಅವ್ವ ಹೆಬ್ಬೆರಳಿನಿಂದ ಅದನ್ನು ಸವರಿ ಮೂಸಿ ನೋಡಿದಳು. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅವ್ವಗ ವಯಸ್ಸಾಗೇತಿ, ಏನರೆ ಮಾತಾಡ್ತಾಳ," ಎಂದು ಅವನು ಫೋನ್ ಇಟ್ಟ. "ಬಿಡು, ಅವಗ ಅವನ ಅಪ್ಪ ಹಂಗ ಇರಲಿ," ಎಂದಳು ಅವ್ವ.

ಸೀಲ್ ಬದಲಾಯಿಸಿ, ಪ್ಲೇಟಿಗೆ ಹೊಸ ಲೈನಿಂಗ್ ಹಾಕಿಸಲು ಒಂದು ವಾರವೇ ಹಿಡಿಯಿತು. ಕಾರು ತರಲು ಅವ್ವನೂ ಬಂದಳು. ಊರ ಹೊರಗೆ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ನಾನು ಕಾರು ನಿಲ್ಲಿಸಿ, "ಒಂದೀಟು ಹೊಡಿ ಬೇ, ನಾ ನೋಡತೇನಿ," ಎಂದೆ.

"ಲೈಸನ್ಸ್ ಇಲ್ಲ."

"ಆವಾಗ ಇತ್ತಿಲ್ಲ?"

"ಆವಾಗೂ ಇರಲಿಲ್ಲ," ಎಂದಳು ಅವ್ವ.