ಗದ್ದಲವಿಲ್ಲದ ವರ್ಷ

ಪಕ್ಕದ ಮನೆಯವರು ಮುಂಜಾನೆ ಚಹಾಕ್ಕೆ ಶುಂಠಿ ಜಜ್ಜಿ ಹಾಕುತ್ತಾರೆ. ಆ ವಾಸನೆ ಗೋಡೆ ದಾಟಿ ನಮ್ಮ ಪಡಸಾಲೆಗೆ ಬರುತ್ತದೆ. ನಮ್ಮ ಬೆಟಗೇರಿಯ ಗೋಡೆಗಳು ವಾಸನೆಯನ್ನೂ ತಡೆಯುವುದಿಲ್ಲ, ಸುದ್ದಿಯನ್ನೂ ತಡೆಯುವುದಿಲ್ಲ. ನಿವೃತ್ತನಾದವನಿಗೆ ಎರಡೂ ಬೇಕು, ಹಾಗಾಗಿ ನನ್ನ ತಕರಾರೇನಿಲ್ಲ. ಆದರೆ ಶುಂಠಿಯ ವಾಸನೆ ಬಂದಾಗೆಲ್ಲ ನನಗೆ ನೆನಪಾಗುವುದು ವೀಣಾ ಮೇಡಂ ಅವರ ಮೇಜು, ಅದರ ಮೇಲೆ ಆರಿ ಕೆನೆಗಟ್ಟಿದ ಚಹಾದ ಕಪ್ಪುಗಳು.

ನಾನು ಮುಂಡರಗಿ ರಸ್ತೆಯ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಅದರ ಹೆಸರು ಬೇಡ, ಅವರೂ ಬದುಕಬೇಕಲ್ಲ. ಜವಾನರಿಂದ ಹಿಡಿದು ಪ್ರಾಧ್ಯಾಪಕರವರೆಗೆ ಎಲ್ಲರ ನೇಮಕದ ಕಾಗದವೂ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಎಲ್ಲರೂ ಸಿಗುತ್ತಿದ್ದರು, ಕಂಪ್ಯೂಟರಿನವರು ಮಾತ್ರ ಸಿಗುತ್ತಿರಲಿಲ್ಲ. ಸಿಕ್ಕವರು ನಿಲ್ಲುತ್ತಿರಲಿಲ್ಲ. ಒಬ್ಬ ಮುಂಜಾನೆ ಸೇರಿ, ಮಧ್ಯಾಹ್ನ ಊಟಕ್ಕೆಂದು ಹೋದವನು ಇವತ್ತಿಗೂ ಬಂದಿಲ್ಲ. ಅವನ ಊಟ ಇನ್ನೂ ಮುಗಿದಿಲ್ಲವೆಂದೇ ನಾನು ತಿಳಿದುಕೊಂಡಿದ್ದೇನೆ.

ಇದರ ಫಲ ಉಣ್ಣುತ್ತಿದ್ದವರು ವಿದ್ಯಾರ್ಥಿಗಳು. ಫಲಿತಾಂಶ ಬಂತೆಂದರೆ ಒಬ್ಬಳ ಅಂಕ ಇನ್ನೊಬ್ಬಳಿಗೆ ಹೋಗಿರುತ್ತಿತ್ತು, ಪರೀಕ್ಷೆ ಬರೆದವರು ಗೈರುಹಾಜರಾಗಿರುತ್ತಿದ್ದರು. ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಬಂದು ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ಅಳುತ್ತ ನಿಲ್ಲುತ್ತಿದ್ದರು. ಒಳಗಿದ್ದವರು ಬೆವರು ಒರೆಸಿಕೊಳ್ಳುತ್ತ ಬೈಯುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಅದನ್ನೇ ನಾವು ಕೆಲಸ ಎನ್ನುತ್ತಿದ್ದೆವು.

ಇಂಥ ಹೊತ್ತಿನಲ್ಲಿ ವೀಣಾ ಮೇಡಂ ಸಂದರ್ಶನಕ್ಕೆ ಬಂದರು. ಪುಣೆಯ ಕಂಪನಿಯೊಂದರಲ್ಲಿ ಬಹಳ ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು. ಗಂಡನ ಮನೆಯವರದು ಲಕ್ಷ್ಮೇಶ್ವರದಲ್ಲಿ ಬೀಜದ ಅಂಗಡಿ. ಅದನ್ನು ನೋಡಿಕೊಳ್ಳಲು ಗಂಡ ಊರಿಗೆ ಮರಳಿದ್ದರು, ಇವರೂ ಬಂದಿದ್ದರು. ನಮ್ಮ ಸಮಿತಿಯವರು ಮೊದಲು ಕೇಳಿದ್ದು ತವರೂರು ಯಾವುದೆಂದು. ಕಳಸಾಪುರ ಎಂದರು. ಯಾರ ಪೈಕಿ ಎಂದು ಕೇಳಿ, ಸದಸ್ಯರೊಬ್ಬರು ತಮ್ಮ ಅತ್ತಿಗೆಯ ಕಡೆಯಿಂದ ಒಂದು ಸಂಬಂಧ ಹುಡುಕಿಯೂ ಬಿಟ್ಟರು. ಅಲ್ಲಿಗೆ ಸಂದರ್ಶನ ಮುಕ್ಕಾಲು ಮುಗಿದ ಹಾಗೆ.

“ಇಷ್ಟ ಪಗಾರಕ್ಕ ಯಾಕ ಬರ್ತೀರಿ?” ಎಂದರು ಕುಲಸಚಿವರು.

“ಮನಿಯಾಗ ಕುಂತ್ರ ಕಲ್ತದ್ದೆಲ್ಲಾ ತುಕ್ಕ ಹಿಡೀತೈತ್ರಿ. ನನಗ ಕೆಲಸ ಬೇಕು.”

“ಆತು. ನಾಳೆ ನೀವೂ ಬಿಟ್ಟ ಹೋದ್ರ?”

“ನಾ ಇಲ್ದಾಗೂ ನಡಿಯೂ ಹಂಗ ಮಾಡ್ತೀನ್ರಿ.”

ಈ ಮಾತು ಕುಲಸಚಿವರಿಗೆ ಎಷ್ಟು ಹಿಡಿಸಿತೆಂದರೆ ವಾರವಿಡೀ ಸಿಕ್ಕಸಿಕ್ಕವರಿಗೆ ಹೇಳಿದರು. ಒಂದು ವರ್ಷದ ಗುತ್ತಿಗೆಯ ಮೇಲೆ ಆದೇಶ ಹೊರಟಿತು.

ಈ ಸಲ ಬಂದವರನ್ನು ಬಿಡಬಾರದೆಂದು ನಾವೆಲ್ಲ ಟೊಂಕ ಕಟ್ಟಿದೆವು. ಮೆಟ್ಟಿಲ ಬಳಿಯ ಒಳ್ಳೆಯ ಗಾಳಿಯ ಕೋಣೆ ಕೊಟ್ಟೆವು. ನಮ್ಮ ಕಡೆ ತೆರೆದ ಬಾಗಿಲ ಮುಂದೆ ಮಾತಾಡಿಸದೆ ಹಾದುಹೋದರೆ ಅದು ಸೊಕ್ಕು. ಹತ್ತುವವರು “ಚಹಾ ಆತ್ರಿ?” ಎಂದು ಕೇಳಿದರು, ಇಳಿಯುವವರು “ಊಟ ಆತ್ರಿ?” ಎಂದು ಕೇಳಿದರು. ಕೇಳಿದವರೆಲ್ಲ ಒಂದೊಂದು ಕಪ್ಪು ಕಳಿಸಿದರು. ಗ್ರಂಥಪಾಲಕರು ಮಗಳ ಮೊಬೈಲು ತಂದರು, ಲೆಕ್ಕಪತ್ರದವರು ಮನೆಯ ಟಿವಿಯ ರಿಮೋಟು ತಂದರು. ಒಂದು ದಿನ ಮೇಡಂ ಒಳಗಿನಿಂದ ಚಿಲಕ ಹಾಕಿಕೊಂಡರು. ಆವತ್ತು ಇಡೀ ಕಚೇರಿಯಲ್ಲಿ ಬೇರೆ ಮಾತೇ ಇಲ್ಲ. ಮಂದಿಯ ಜೊತೆ ಬೆರೆಯುವುದಿಲ್ಲ ಎಂಬ ಹೆಸರು ಬಂತು.

ಯಾಕೆ ಹೀಗೆ ಎಂದು ಕೇಳಲು ನಾನೇ ಹೋದೆ, ದೊಡ್ಡ ಮನುಷ್ಯನ ಹಾಗೆ.

“ಸರ್, ತಲ್ಯಾಗ ಒಂದ ಲೆಕ್ಕ ಹಿಡಕೊಂಡ ಕುಂತಿರ್ತೀನಿ. ಊಟ ಆತ್ರಿ ಅಂದ್ರ ಅಷ್ಟೂ ಚೆಲ್ಲಿ ಹೋಗ್ತೈತಿ. ತಿರುಗಿ ಗೋಳೆ ಮಾಡಿ ಕೂಡಸೂದ್ರಾಗ ಖರೇನ ಊಟದ ಹೊತ್ತ ಆಗಿರ್ತೈತಿ.”

ನನಗೆ ಕಂಪ್ಯೂಟರಿನಲ್ಲಿ ಒಂದು ಬೆರಳಿನಿಂದ ಹೆಸರು ಬರೆಯಲಷ್ಟೇ ಬರುತ್ತದೆ. ಆದರೆ ಈ ಮಾತು ತಿಳಿಯಿತು. ಮರುದಿನದಿಂದ ನನ್ನ ಫೈಲುಗಳನ್ನು ತಂದು ಅವರ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. ಬಂದವರಿಗೆಲ್ಲ “ಅವರದು ಊಟ ಆಗೇತಿ, ನಡೀರಿ” ಎನ್ನುತ್ತಿದ್ದೆ. ಮುಂಜಾನೆ ಹತ್ತಕ್ಕೂ ಅದೇ ಉತ್ತರ.

ಮೇಡಂ ಬರೆದ ಹೊಸ ಪ್ರೋಗ್ರಾಮಿನಿಂದ ಆ ವರ್ಷದ ಫಲಿತಾಂಶ ಹೇಳಿದ ದಿನವೇ ಬಂತು. ಯಾರ ಅಂಕ ಅವರಿಗೇ ಸಿಕ್ಕಿತು. ಕಿಟಕಿಯ ಮುಂದೆ ಒಂದು ನರಪಿಳ್ಳೆ ಇಲ್ಲ. ಒಳಗಿದ್ದವರು ಮೊದಮೊದಲು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು, ಆಮೇಲೆ ಶೇಂಗಾ ತಿನ್ನತೊಡಗಿದರು. ಅಷ್ಟರಲ್ಲಿ ಮೇಡಂ ಅತ್ತೆಯವರ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿ ಹುಬ್ಬಳ್ಳಿಗೆ ಹೋದರು. ಆಗಲೂ ಏನೂ ನಿಲ್ಲಲಿಲ್ಲ.

ಗುತ್ತಿಗೆ ಮುಂದುವರಿಸುವ ಸಭೆ ಕೂಡಿತು.

“ಈ ವರ್ಷ ರಿಜಲ್ಟಿನ ಗದ್ಲನ ಇರಲಿಲ್ಲಲ್ಲರಿ,” ಎಂದರು ಒಬ್ಬರು. “ಹಂಗಾರ ಅವರಿಗೆ ಏನ ಕೆಲಸ ಇತ್ತು?”

“ರಜಾ ಹೋದಾಗೂ ಎಲ್ಲಾ ನಡದೈತಿ,” ಎಂದರು ಕುಲಸಚಿವರು. “ಅವರು ಇಲ್ದನೂ ನಡೀತೈತಿ ಅಂದಂಗಾತು.”

“ಸಾಹೇಬ್ರ, ಹಂಗ ನಡೀಲಿ ಅಂತನ ತಗೊಂಡಿದ್ವಿ ನಾವು,” ಎಂದೆ.

“ನಿಮಗ ಕಂಪ್ಯೂಟರ್ ತಿಳೀತೈತೇನ್ರಿ?”

ತಿಳಿಯುವುದಿಲ್ಲ, ಅದು ಖರೆಯೇ. ಆದರೂ ವಾದ ಮಾಡಿದೆ, ಸಿಟ್ಟಿಗೆದ್ದು ಫೈಲನ್ನು ಮೇಜಿನ ಮೇಲೆ ಕುಕ್ಕಿದೆ. ಗುತ್ತಿಗೆ ಮುಂದುವರಿಯಲಿಲ್ಲ. ಮೇಡಂಗೆ ಹೇಳುವ ಕೆಲಸವೂ ನನಗೇ ಬಂತು. ಅವರು ಪೂರ್ತಿ ಕೇಳಿಸಿಕೊಂಡರು.

“ಹೇಳಿದ್ದನ್ನ ಮಾಡಿದ್ನಲ್ಲರಿ ಸರ್,” ಎಂದರು. ಕಣ್ಣಲ್ಲಿ ನೀರಿತ್ತು. ಊಟ ಆತ್ರಿ ಎಂದೂ ಕೇಳದೆ, ಬಾಗಿಲ ಹೊರಗಿನ ನನ್ನ ಕುರ್ಚಿ ಎತ್ತಿಕೊಂಡು ನಡೆದೆ.

ಅವರು ಮಾಡಿಟ್ಟದ್ದು ಅವರಿಲ್ಲದೆಯೇ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ನಾನು ನಿವೃತ್ತನಾದೆ. ಈ ವರ್ಷ ಅಂಕ ಕೊಡುವ ಪದ್ಧತಿಯೇ ಬದಲಾಯಿತಂತೆ. ಅದಕ್ಕೆ ತಕ್ಕಂತೆ ಪ್ರೋಗ್ರಾಮಿನ ಒಳಗಿನ ಲೆಕ್ಕವನ್ನು ತಿದ್ದುವವರು ಯಾರೂ ಇಲ್ಲ. ಶಿರಹಟ್ಟಿಯ ಹುಡುಗಿಯರು ಮತ್ತೆ ಬಸ್ಸು ಹತ್ತಿ ಬಂದು ಕಿಟಕಿಯ ಮುಂದೆ ನಿಂತಿದ್ದಾರೆ. ಮೊನ್ನೆ ಕುಲಸಚಿವರೇ ಫೋನು ಮಾಡಿದರು, ಮೇಡಂ ಮತ್ತೆ ಬರುತ್ತಾರೇನು ಕೇಳಿ ನೋಡಿ ಎಂದು.

ಕೇಳಿದೆ. ಮೇಡಂ ಈಗ ಲಕ್ಷ್ಮೇಶ್ವರದ ಮನೆಯಿಂದಲೇ ಪುಣೆಯ ಹಳೆಯ ಕಂಪನಿಗೆ ಕೆಲಸ ಮಾಡುತ್ತಾರೆ. ನನ್ನ ದನಿ ಕೇಳಿ ಸಂತೋಷಪಟ್ಟರು. ವಿಷಯ ಹೇಳಿದಾಗ ಸಿಟ್ಟೂ ಮಾಡಲಿಲ್ಲ, ನಗಲೂ ಇಲ್ಲ.

“ಕಾಯಂ ಹುದ್ದೆ ಮಾಡಿ ಕರೀಲಿ ಸರ್, ಬರ್ತೀನಿ. ಕೋಣಿ ಬಾಗ್ಲಾ ನಾ ಹಾಕ್ಕೋತೀನಿ. ಮತ್ತ ಮುಂದಿನ ವರ್ಷ ಗದ್ಲ ಆಗಲಿಲ್ಲ ಅಂದ್ರ, ಯಾಕ ಆಗಲಿಲ್ಲ ಅಂತ ನನ್ನ ಕರದ ಕೇಳಬೇಕು.”

ಇದ್ದದ್ದನ್ನು ಇದ್ದ ಹಾಗೆ ಕುಲಸಚಿವರಿಗೆ ಒಪ್ಪಿಸಿದೆ. ಅವರು ಫೋನಿನಲ್ಲೇ ದೊಡ್ಡದಾಗಿ ಉಸಿರುಬಿಟ್ಟರು.

“ಅಂದ್ರ ಅವರು ಬರೂದಿಲ್ಲಂತ ಆತು. ಈ ಕಂಪ್ಯೂಟರಿನವರು ನಮ್ಮ ಕಡೆ ನಿಲ್ಲಂಗಿಲ್ಲ ನೋಡ್ರಿ.”

ಇದೇ ಮಾತನ್ನು ನಾನೂ ನೌಕರಿಯ ಉದ್ದಕ್ಕೂ ಹೇಳಿದವನೇ, ಫೈಲುಗಳಲ್ಲಿ ಬರೆದವನೇ. ಮೊನ್ನೆ ಮಾತ್ರ ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ.

“ಬರ್ತೀನಿ ಅಂದಾರ್ರಿ ಅವರು,” ಎಂದೆ. “ಕರಿಯಾಕ ಒಲ್ಲೆ ಅನ್ನಾವ್ರು ನೀವ.”