ಹುಳು ಹಣ್ಣಾದ ದಿನ ಅಕ್ಕನಿಗೆ ಹೇಳಿದ್ದು

ಮಾನ್ಯ ಓದುಗರ ಸನ್ನಿಧಿಗೆ,

ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪುವುದೂ ಉಂಟು. ಮೊದಲೇ ಕ್ಷಮೆ ಕೋರುತ್ತೇನೆ. ತಿರುಮಕೂಡಲು ನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಇದುವರೆಗೆ ಬರೆದಿರುವುದು ಟಿಪ್ಪಣಿ, ಜ್ಞಾಪನಗಳನ್ನು ಮಾತ್ರ. ಸ್ವಂತ ವಿಷಯ ಬರೆಯುತ್ತಿರುವುದು ಇದೇ ಪ್ರಥಮ.

ನಿವೇದಿಸಿಕೊಳ್ಳುವುದೇನೆಂದರೆ, ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿಗೆ ಮದುವೆಯಾಗಿರುವ ನನ್ನ ಅಕ್ಕ. ಆಕೆಗೆ ಮಗಳು ಹುಟ್ಟಿದಾಗಲೇ, ಈ ಕೂಸು ಸೋದರಮಾವನಿಗೆ ಎಂದು ಹಿರಿಯರು ಮಾತನಾಡಿದ್ದರು. ನಮ್ಮ ಕಡೆ ಆ ಮಾತನ್ನು ಮುರಿದವನಿಗೆ ಅಕ್ಕನ ಮನೆಯ ಬಾಗಿಲು ಮುಚ್ಚಿದಂತೆಯೇ. ನನ್ನದೆನ್ನಲು ಇದ್ದ ಮನೆ ಅದೊಂದೇ.

ಕಳೆದ ಆಷಾಢದಲ್ಲಿ, ಹುಳು ಹಣ್ಣಾಗಿವೆ, ರಜೆ ಹಾಕಿ ಬಾ ಎಂದು ಅಕ್ಕ ಕರೆಸಿದಳು. ಹಣ್ಣಾದ ರೇಷ್ಮೆ ಹುಳು ಎಲೆ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ತೂಗುತ್ತದೆ. ಬೆಳಕಿಗೆ ಹಿಡಿದರೆ ಮೈಯೊಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಎಷ್ಟು ಬೆಳೆ ಕಂಡರೂ ನನಗೆ ಅದು ವಿಸ್ಮಯವೇ. ಅವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನಿಂದ ಹೆಣೆದ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ತಟ್ಟೆಯ ಕಸದಲ್ಲಿಯೇ ಗೂಡು ಕಟ್ಟಿ ಹಾಳಾಗುತ್ತವೆ. ಆದ್ದರಿಂದ ಅಂದು ಯಾರೂ ಎದ್ದು ಹೋಗುವಂತಿಲ್ಲ. ನಾನು ಆ ದಿನವನ್ನು ಆರಿಸಿಕೊಂಡದ್ದು ಆ ಕಾರಣಕ್ಕೇ ಇರಬಹುದು.

ಶ್ರಾವಣದಲ್ಲಿ ವೀಳ್ಯಶಾಸ್ತ್ರ ಮುಗಿಸಿಬಿಡಬೇಕೆಂದು ಭಾವ ಹೇಳುತ್ತಿದ್ದಾರೆಂದು ಅಕ್ಕ ತಿಳಿಸಿದಳು. ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು ಹೇಳಿದೆ.

"ಅಕ್ಕ, ಅವಳೊಬ್ಬಳನ್ನ ಅಂತಲ್ಲ, ಯಾವ ಹೆಣ್ಣನ್ನೂ ನಾನು ಮದ್ವೆ ಆಗಕ್ಕಾಗಲ್ಲ. ನನ್ ಮನ್ಸು ಗಂಡಸರ ಕಡೆಗೇ ಓಗೋದು. ಚಿಕ್ಕಂದಿನಿಂದ್ಲೂ ಅಂಗೇ."

ಅಕ್ಕ ತಲೆಯೆತ್ತಲಿಲ್ಲ. ಅವಳ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಒಂದು ಹುಳುವೂ ನಲುಗದಂತೆ ಆರಿಸಿ, ಆರಿಸಿ, ಇಡೀ ಒಂದು ಚಂದ್ರಿಕೆ ತುಂಬಿಸಿದಳು. ಅಷ್ಟು ಹೊತ್ತೂ ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ.

"ಕೈ ನಿಲ್ಲಿಸ್ಬೇಡ ಕಣ್ಲಾ," ಎಂದಳು ಕೊನೆಗೆ. "ನನ್ ಮಗ್ಳಿಗೆ ತಾಳಿ ಕಟ್ಟಿ ಆಮೇಲೆ ಯೋಳಿದ್ರೆ ನಿನ್ನ ಸುಮ್ನೆ ಬುಡ್ತಿರ್ಲಿಲ್ಲ. ಈಗ್ಲೇ ಯೋಳ್ದಲ್ಲ, ಸಾಕು. ನಿಮ್ ಭಾವುಂಗೂ ನೀನೇ ಯೋಳು."

ಹಾಗೆಯೇ ಮಾಡಿದೆ. ಭಾವ ಅಂಗಳದಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಹೊಲದ ಕಡೆ ಹೊರಟುಹೋದರು. ಉಂಡು ಹೋಗೆಂದು ಅಕ್ಕ ತಟ್ಟೆ ಹಾಕಿದಳು. ಅರ್ಧ ಮುದ್ದೆ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕುಳಿತು, ಇನ್ನು ಈ ದಾರಿ ನನಗಿಲ್ಲವೆಂದುಕೊಂಡೆ.

ನಾಲ್ಕು ದಿನ ಯಾರ ಫೋನೂ ಬರಲಿಲ್ಲ. ಕಚೇರಿಯಲ್ಲಿ ಒಂದೇ ಪತ್ರವನ್ನು ಎರಡು ಬಾರಿ ರವಾನಿಸಿ ಮೇಲಧಿಕಾರಿಗಳಿಂದ ಮಾತು ಕೇಳಿದೆ. ಐದನೆಯ ದಿನ ಭಾವನವರೇ ಕರೆ ಮಾಡಿದರು.

"ನಾಳೆ ಗೂಡು ಬುಡುಸ್ಬೇಕು. ಆಳು ಸಿಕ್ಕಿಲ್ಲ. ಬತ್ತೀಯೋ, ಇಲ್ವೋ?"

ಬೆಳಗಿನ ಮೊದಲ ಬಸ್ಸಿಗೇ ಹೋದೆ. ಜಗುಲಿಯಲ್ಲಿ ಕೂಲಿಗೆ ಬಂದ ಐವರು ಹೆಂಗಸರು ಆಗಲೇ ಸಾಲಾಗಿ ಕುಳಿತು ಗೂಡು ಬಿಡಿಸುತ್ತಿದ್ದರು. ಆಳು ಸಿಕ್ಕದೇ ಇರಲಿಲ್ಲ. ಭಾವ ನನ್ನ ಮುಖ ನೋಡದೆಯೇ ಒಂದು ಚಂದ್ರಿಕೆಯನ್ನು ನನ್ನ ಕಡೆ ಸರಿಸಿದರು. ಕಾಫಿ ತಂದ ಅಕ್ಕನ ಮಗಳು ಲೋಟ ಇಡುವಾಗ ಬಗ್ಗಿ, ನನಗಷ್ಟೇ ಕೇಳುವಂತೆ, "ಸದ್ಯ ಮಾವ, ನಿನ್ ಗೊರಕೆಯಿಂದ ತಪ್ಪುಸ್ಕೊಂಡೆ," ಎಂದಳು.

ಬಾಗಿಲಿನಷ್ಟು ಅಗಲದ ಆ ಚಂದ್ರಿಕೆಯ ತುಂಬ ಹೊಂಬಣ್ಣದ ಗೂಡುಗಳಿದ್ದವು. ಬಿಡಿಸುತ್ತ ಹೋದೆ. ಕಣ್ಣು ಮಂಜಾಗುತ್ತಿತ್ತಾದರೂ ಕೈ ನಿಲ್ಲಿಸಲಿಲ್ಲ.

ಮೇಲ್ಕಂಡ ಬರಹದಲ್ಲಿ ಕಂಡುಬಂದ ತಪ್ಪುಗಳನ್ನು ಓದುಗರು ದಯವಿಟ್ಟು ತಿದ್ದಿಕೊಡಬೇಕು. ನನ್ನ ಭಾವನವರು ಫೋನಿನಲ್ಲಿ ಆಡಿದ ಮಾತನ್ನು ಮಾತ್ರ ಇದ್ದಂತೆಯೇ ಬಿಡಬೇಕೆಂದು ವಿನಂತಿಸುತ್ತೇನೆ.